ಶೆಟ್ಟಿಹಳ್ಳಿ ಚರ್ಚ್ ಮಾಡೆಲ್: ಗೋಡೆ ರೆಸಿನ್ ಕುಡಿಯೋದು ಕೊನೆಗೂ ನಿಂತಿತು

ನಿಂತಿತು ಮಾರಾಯ್ರೇ! ಶೆಟ್ಟಿಹಳ್ಳಿಯ ಹಾಳುಬಿದ್ದ ಚರ್ಚಿನ ಪುಟ್ಟ ಮಾಡೆಲ್ ಮಾಡುತ್ತಿದ್ದೇನೆ. ನೀರಿನ ಹಾಗೆ ಕಾಣಲಿ ಅಂತ ಸುರಿಯುವ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ದ್ರವ) ಗೋಡೆಗೇ ಹೀರಿಹೋಗುತ್ತಿತ್ತು. ಈಗ ರೆಸಿನ್ ಗಟ್ಟಿಯಾಗಿದೆ, ಗೋಡೆ ಒಣಗಿಯೇ ಇದೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಖುಷಿಪಡೋದನ್ನು ಮನೆಯವರು ವಿಚಿತ್ರವಾಗಿ ನೋಡುತ್ತಿದ್ದಾರೆ. ಇಲ್ಲಿ ಓದುವವರಿಗಾದರೂ ಅರ್ಥವಾಗುತ್ತೆ ಅಂತ ಬರೆಯುತ್ತಿದ್ದೇನೆ.

ಅಚ್ಚು, ಎರಕ, ಕಮಾನು ಕೊರೆದದ್ದು, ಬಣ್ಣದ ಮೊದಲ ಕೋಟ್, ಇವೆಲ್ಲ ನಿಮಗೆ ಗೊತ್ತಿರೋದೇ, ಬಿಡುತ್ತೇನೆ. ಸ್ಕೇಲ್ 1:87, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಗೋಡೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಕೆಳಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ. ಫೋಮ್ ಯಾಕೆ ಬಳಸಲಿಲ್ಲ ಅಂದರೆ, ಹಾಳುಬಿದ್ದ ಗೋಡೆಯ ಅಂಚು ಮುರಿದರೆ ಮುರಿದ ಹಾಗೇ ಕಾಣಬೇಕು. ಫೋಮ್ ಅಂಚು ಎಷ್ಟು ಕೆತ್ತಿದರೂ ಕೇಕ್ ಕಚ್ಚಿಟ್ಟ ಹಾಗೆ ಕಾಣುತ್ತೆ.

ಹಾಸನದ ಹತ್ತಿರ, ಹೇಮಾವತಿ ನದಿಯ ದಡದಲ್ಲಿ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ರೋಸರಿ ಚರ್ಚ್ ಇದು. ಗೊರೂರು ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರು ಬಂತು, ಊರು ಒಕ್ಕಲೆದ್ದಿತು, ಚರ್ಚ್ ಮಾತ್ರ ಅಲ್ಲೇ ಉಳಿಯಿತು. ಈಗ ಚಾವಣಿ ಇಲ್ಲ. ಚೂಪು ಕಮಾನುಗಳ ಸಾಲು, ಮೇಲೆ ಆಕಾಶ. ಮಳೆಗಾಲದಲ್ಲಿ ಅರ್ಧ ಮುಳುಗುತ್ತೆ, ಬೇಸಿಗೆಯಲ್ಲಿ ಒಳಗೆ ನಡೆದಾಡಬಹುದು. ನಾನು ತೋರಿಸಬೇಕು ಅಂದುಕೊಂಡದ್ದು ಅರ್ಧ ಮುಳುಗಿದ ರೂಪ. ನೀರು ಬೇಕು ಅಂದಮೇಲೆ ಎಪಾಕ್ಸಿ ರೆಸಿನ್ ಬೇಕು. ತಲೆನೋವು ಶುರುವಾದದ್ದೇ ಅಲ್ಲಿಂದ.

ಪ್ಲಾಸ್ಟರ್ ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ರೆಸಿನ್ ಸುರಿದ ಸ್ವಲ್ಪ ಹೊತ್ತಿಗೆ ಗೋಡೆಯ ಬುಡದಲ್ಲಿ ಒಂದು ಕಂದು ಗೆರೆ ಕಾಣಿಸುತ್ತೆ. ಆಮೇಲೆ ಅದು ಇಟ್ಟಿಗೆ ಸಾಲಿನಿಂದ ಸಾಲಿಗೆ ಮೆಲ್ಲಗೆ ಹತ್ತುತ್ತೆ. ನಾಲ್ಕು ಮಿಲಿಮೀಟರ್ ಹತ್ತಿದರೂ ನಮ್ಮ ಸ್ಕೇಲಿನಲ್ಲಿ ಅದು ಸುಮಾರು 35 ಸೆಂಟಿಮೀಟರ್! ಗೋಡೆ ರೆಸಿನ್ ಕುಡಿದಷ್ಟೂ ಒಳಗಿನ ಗಾಳಿ ಹೊರಗೆ ಬರಬೇಕಲ್ವಾ? ಅದು ಕಮಾನಿನ ಬುಡದಲ್ಲೇ ಗುಳ್ಳೆಗಳಾಗಿ ಸಿಕ್ಕಿಹಾಕಿಕೊಳ್ಳುತ್ತೆ. ಹೇಮಾವತಿಗೆ ಸೋಡಾ ಬೆರೆಸಿದ ಹಾಗೆ.

ರಂಧ್ರ ಮುಚ್ಚೋಣ ಅಂತ ಮೊದಲು ಫೆವಿಕಾಲ್ ತೆಳುಮಾಡಿ ಬಳಿದರೆ ಇಟ್ಟಿಗೆಯ ಗೆರೆಗಳೇ ಮುಚ್ಚಿಹೋದವು. ಅಕ್ರಿಲಿಕ್ ವಾರ್ನಿಷ್ ಪರವಾಗಿಲ್ಲ, ಆದರೆ ಕಮಾನಿನ ಒಳಮೂಲೆಗೆ ಬ್ರಷ್ ಸರಿಯಾಗಿ ಹೋಗಲ್ಲ. ಎಲ್ಲೋ ಸೂಜಿಮೊನೆಯಷ್ಟು ಜಾಗ ಬಿಟ್ಟುಹೋಗುತ್ತೆ, ರೆಸಿನ್‌ಗೆ ಅಷ್ಟೇ ಸಾಕು.

ಕೆಲಸಕ್ಕೆ ಬಂದದ್ದು ಅರಗು. ಅದೇ, ಹಳೇ ಮರದ ಪೀಠೋಪಕರಣಕ್ಕೆ ಫ್ರೆಂಚ್ ಪಾಲಿಶ್ ಮಾಡುವವರು ಬಳಸುವ ಶೆಲ್ಲ್ಯಾಕ್. ಫ್ರೆಂಚರು ಕಟ್ಟಿದ ಚರ್ಚನ್ನು ಫ್ರೆಂಚ್ ಪಾಲಿಶೇ ಕಾಯಬೇಕು ಅಂತ ಬರೆದಿತ್ತೇನೋ. ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ, ಒಂದು ರಾತ್ರಿ ಅಲುಗಾಡಿಸದೆ ಇಟ್ಟರೆ ಮೇಣ ಕೆಳಗೆ ಕೂರುತ್ತೆ. ಮೇಲಿನ ತಿಳಿ ಮಾತ್ರ ತೆಗೆದುಕೊಳ್ಳಿ. ಮೇಣ ಸೇರಿದರೆ ರೆಸಿನ್ ಸರಿಯಾಗಿ ಅಂಟಲ್ಲ. ನೀರಿನಷ್ಟು ತೆಳು ಇರಬೇಕು. ಆಗ ಅದು ಮೇಲೆ ಪದರವಾಗಿ ಕೂರದೆ ಪ್ಲಾಸ್ಟರ್ ಒಳಗೇ ಇಳಿಯುತ್ತೆ, ಇಟ್ಟಿಗೆಯ ಗೆರೆ ಉಳಿಯುತ್ತೆ. ಗೋಡೆ ಹೀರೋದು ನಿಲ್ಲುವವರೆಗೆ ಕೋಟ್ ಹಾಕುತ್ತಾ ಹೋಗಿ. ಆಮೇಲೆ ರೆಸಿನ್ ಒಂದು ಸಲಕ್ಕೆ ಮೂರು ಮಿಲಿಮೀಟರ್ ದಪ್ಪಕ್ಕಿಂತ ಜಾಸ್ತಿ ಬೇಡ. ಸ್ವಲ್ಪ ಮಂದವಾಗಲು ಬಿಟ್ಟು ಸುರಿದರೆ ಅಂಚಿನಲ್ಲಿ ಹತ್ತೋದೂ ಕಡಿಮೆ.

ರೆಸಿನ್ ಮಾರಿದ ಅಂಗಡಿಯ ಬಗ್ಗೆ ಒಂದು ಮಾತು. ಲೇಬಲ್ ಮೇಲೆ ‘ಸ್ಫಟಿಕದಷ್ಟು ಸ್ವಚ್ಛ’. ಒಳಗೆ ಹರಳೆಣ್ಣೆ ಬಣ್ಣ. ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್ ಬಾಟಲಿ ದಾರಿಯಲ್ಲೇ ಸೋರಿ ಡಬ್ಬಕ್ಕೆ ಅಂಟಿತ್ತು. ಫೋನ್ ಮಾಡಿದರೆ ‘ಸರ್, ಬಿಸಿಲಿಗೆ ಹಾಗಾಗುತ್ತೆ’. ಬಿಸಿಲು ನನ್ನ ಮನೆಗೆ ಮಾತ್ರ ಬರುತ್ತಾ? ಆದರೂ ಮಳೆಗಾಲದ ಹಿನ್ನೀರು ಯಾವತ್ತು ಸ್ಫಟಿಕದ ಹಾಗಿತ್ತು? ಒಂದು ಹನಿ ಕಂದು ಬಣ್ಣ ಸೇರಿಸಿದೆ, ಈಗ ನೋಡಿದವರು ‘ನೀರು ಚೆನ್ನಾಗಿ ಬಂದಿದೆ’ ಅನ್ನುತ್ತಿದ್ದಾರೆ. ಅಂಗಡಿಯವರಿಗೆ ಈ ವಿಷಯ ಹೇಳಲ್ಲ.

ಮಾಡೆಲ್ ನೋಡಿದ ಗೆಳೆಯರೊಬ್ಬರು, ‘ನಿಜವಾದ ಚರ್ಚಿಗೂ ಹೀಗೇ ಏನಾದರೂ ಬಳಿದುಬಿಡಬಹುದಲ್ಲ’ ಅಂದರು. ಬೇಡ ಸ್ವಾಮೀ! ಅಲ್ಲಿರೋದು ಇಟ್ಟಿಗೆ, ಸುಣ್ಣದ ಗಾರೆ. ಬೆಲ್ಲ, ಮೊಟ್ಟೆ ಹಾಕಿ ಅರೆದ ಗಾರೆ ಅಂತ ಹೇಳುತ್ತಾರೆ. ಅಂಥ ಗೋಡೆ ನೀರು ಹೀರುತ್ತೆ, ಬಿಸಿಲಿಗೆ ಬಿಡುತ್ತೆ. ಮೇಲೆ ಸಿಮೆಂಟೋ ವಾಟರ್‌ಪ್ರೂಫ್ ಬಣ್ಣವೋ ಹಾಕಿದರೆ ಬುಡದಿಂದ ಹತ್ತಿದ ನೀರು ಒಳಗೇ ಉಳಿಯುತ್ತೆ. ಅದರಲ್ಲಿನ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಉದುರಿಸುತ್ತೆ. ಸುಣ್ಣದ ಗೋಡೆಗೆ ಸುಣ್ಣವೇ ಮದ್ದು: ಸಂದುಗಳಿಗೆ ಗಾರೆ ತುಂಬಬೇಕು, ಮಳೆ ಇಳಿಯದ ಹಾಗೆ ಗೋಡೆಯ ತಲೆ ಮುಚ್ಚಬೇಕು, ಬೇರು ಬಿಟ್ಟ ಗಿಡ ಕೀಳಬೇಕು. ಪ್ರತಿವರ್ಷ ಮುಳುಗಿ ಏಳುವ ಕಟ್ಟಡಕ್ಕೆ ಅದನ್ನು ಒಂದು ಸಲ ಮಾಡಿದರೆ ಸಾಲದು.

ಮತ್ತೆ, ನೂರು ವರ್ಷ ದಾಟಿತು ಅಂದಮಾತ್ರಕ್ಕೆ ತಾನಾಗೇ ರಕ್ಷಣೆ ಸಿಗಲ್ಲ. ಸ್ಮಾರಕಗಳ ರಕ್ಷಣೆಗಿರುವ ಕೇಂದ್ರದ 1958ರ ಕಾಯ್ದೆಯಾಗಲಿ ರಾಜ್ಯದ 1961ರ ಕಾಯ್ದೆಯಾಗಲಿ, ಅಧಿಸೂಚನೆ ಹೊರಡಬೇಕು. ಕೇಂದ್ರದ ಪಟ್ಟಿ ಸೇರಿದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಮನೆ ಕಟ್ಟುವವರನ್ನು ತಡೆಯಬಹುದು. ಹೇಮಾವತಿಗೆ ನೋಟಿಸ್ ಕೊಡೋದು ಯಾರು?

ಇದರ ಮಧ್ಯೆ ಮುಂದಿನ ಪ್ರಾಜೆಕ್ಟ್ ತಲೆಗೆ ಹೊಕ್ಕಿದೆ: ಹಳೇ ಗೋವಾದ ಸಂತ ಅಗಸ್ಟಿನ್ ಚರ್ಚಿನ ಗೋಪುರ. ನಾಲ್ಕು ಗೋಪುರಗಳಲ್ಲಿ ಒಂದೇ ಉಳಿದಿದೆ, ಎತ್ತರ 46 ಮೀಟರ್. 1:87ರಲ್ಲಿ 53 ಸೆಂಟಿಮೀಟರ್ ಆಗುತ್ತೆ, ಶೋಕೇಸ್ ಬಾಗಿಲು ಹಾಕಲು ಆಗಲ್ಲ. ಪೂರ್ತಿ ಮುರಕಲ್ಲು (ಜಂಬಿಟ್ಟಿಗೆ). ಆ ತೂತುತೂತು ಮೈಗೆ ಪ್ಲಾಸ್ಟರ್ ಜೊತೆ ಮರದ ಹೊಟ್ಟು ಕಲಸಿ ನೋಡಬೇಕು. ಮುಖ್ಯವಾಗಿ, ಅಲ್ಲಿ ನೀರು ಇಲ್ಲ!

ಶೆಟ್ಟಿಹಳ್ಳಿಗೆ ಇನ್ನು ಉಳಿದಿರೋದು ಗೋಡೆಯ ಮೇಲೆ ಹಳೇ ನೀರಿನ ಮಟ್ಟದ ಕಲೆಗಳು ಮತ್ತು ಒಂದು ತೆಪ್ಪ. ತೆಪ್ಪದ ಹೆಣಿಗೆಗೆ ಟೀ ಸೋಸುವ ಜಾಲರಿ ಸಾಲಲ್ಲ, ಕಣ್ಣು ದೊಡ್ಡದಾಯಿತು. ಅದಕ್ಕಿಂತ ಸಣ್ಣ ಕಣ್ಣಿನ ಹಿತ್ತಾಳೆ ಜಾಲರಿ ಚೂರು ಲೆಕ್ಕದಲ್ಲಿ ಎಲ್ಲಿ ಸಿಗುತ್ತೆ ಹೇಳಿ. ಇಡೀ ರೋಲ್ ತಗೊಳ್ಳಿ ಅನ್ನುವ ಅಂಗಡಿಗಳ ವಿಳಾಸ ನನ್ನ ಹತ್ತಿರವೇ ಬೇಕಾದಷ್ಟಿದೆ.