ತೋಪು ಪಿಚ್ಚರ್ ನೋಟ್‌ಬುಕ್: 19ನೇ ಭಾನುವಾರ

ಮೊದಲು ಲೆಕ್ಕ. ನೋಡಿದ್ದು 19. ಇನ್ನೊಮ್ಮೆ ನೋಡಬೇಕು ಅಂತ ಪಕ್ಕದಲ್ಲಿ ಚುಕ್ಕಿ ಇಟ್ಟಿದ್ದು 4. ಪೂರ್ತಿ ಕೈ ಎತ್ತಿದ್ದು 2. ಅವ್ವ ಬೈದಿದ್ದು ಎಷ್ಟು ಸಲ ಅಂತ ಬರೆದಿಟ್ಟಿಲ್ಲ.

ಹೊಸದಾಗಿ ಓದುವವರಿಗೆ ಒಂದು ಮಾತು. ಜನವರಿಯಿಂದ ಪ್ರತಿ ಭಾನುವಾರ ರಾತ್ರಿ ನಾನು, ನನ್ನ ತಮ್ಮ ಸೇರಿ ಒಂದು ಸಿನಿಮಾ ನೋಡುತ್ತಿದ್ದೇವೆ. ಅದು ಬಿಡುಗಡೆಯಾದಾಗ ವಿಮರ್ಶಕರೂ ಬೈದಿರಬೇಕು, ಜನರೂ ಕೈಬಿಟ್ಟಿರಬೇಕು. ಓಡಿಸಿಕೊಂಡು ನೋಡುವ ಹಾಗಿಲ್ಲ. ಮೊಬೈಲ್ ಅಡುಗೆಮನೆಯಲ್ಲಿ ಇಟ್ಟು ಬರಬೇಕು. ಮುಗಿದ ಮೇಲೆ, ಎಷ್ಟೇ ಡಬ್ಬಾ ಆಗಿರಲಿ, ಇಷ್ಟವಾದ ಒಂದು ಸಂಗತಿಯನ್ನು ನೋಟ್‌ಬುಕ್‌ನಲ್ಲಿ ಬರೆಯಲೇಬೇಕು. ಏನೂ ಸಿಗದಿದ್ದರೆ ಕೈ ಎತ್ತಿದ ಲೆಕ್ಕ.

ಇದು ಶುರುವಾಗಿದ್ದು ಸಿಟ್ಟಿನಿಂದ. ಕಳೆದ ವರ್ಷ ನಾವಿಬ್ಬರೂ ಊಟ ಮಾಡಿ ಟಿವಿ ಮುಂದೆ ಕೂರುತ್ತಿದ್ದೆವು. ಒಂದು ಸಿನಿಮಾ ಸಿಕ್ಕರೆ ರೇಟಿಂಗ್ ಎಷ್ಟು ಅಂತ ನೋಡೋದು, ಬೇಡ ಅನ್ನೋದು, ಮುಂದಿನದು. ಮುಕ್ಕಾಲು ಗಂಟೆ ಹೀಗೇ ಕಳೆದು ಏನೂ ನೋಡದೆ ಮಲಗುತ್ತಿದ್ದೆವು. ಆಮೇಲೆ ಗೊತ್ತಾಯಿತು, ವಿಮರ್ಶೆಗಳನ್ನು ಒಟ್ಟು ಹಾಕುವ ರಾಟನ್ ಟೊಮ್ಯಾಟೋಸ್ ವೆಬ್‌ಸೈಟಿನ ಶೇಕಡಾ ಅನ್ನೋದು ಅಂಕ ಅಲ್ಲವೇ ಅಲ್ಲ. ನೂರು ವಿಮರ್ಶಕರಲ್ಲಿ ಎಷ್ಟು ಜನ ‘ಪರವಾಗಿಲ್ಲ’ ಅಂದರು ಅನ್ನೋದಷ್ಟೇ. 60 ಮುಟ್ಟಿದರೆ ತಾಜಾ ಟೊಮ್ಯಾಟೊ, ಇಲ್ಲದಿದ್ದರೆ ಕೊಳೆತದ್ದು. ನೂರೂ ಜನ ‘ಹ್ಞೂಂ, ನಡೀತದೆ’ ಅಂದ ಸಿನಿಮಾ 100 ತೆಗೆದುಕೊಳ್ಳುತ್ತದೆ. ಅರ್ಧ ಜನ ಹುಚ್ಚು ಹಿಡಿದಂತೆ ಪ್ರೀತಿಸಿದ್ದಕ್ಕೆ 50. ಇದನ್ನು ನಂಬಿಕೊಂಡು ನಾವು ವರ್ಷವಿಡೀ ನಿದ್ದೆ ಮಾಡಿದ್ದೇವೆ!

ಅಮೆರಿಕದಲ್ಲಿ ಸಿನಿಮಾಸ್ಕೋರ್ ಅಂತ ಇನ್ನೊಂದಿದೆ. ಬಿಡುಗಡೆಯ ದಿನ ಪ್ರೇಕ್ಷಕರನ್ನೇ ಕೇಳಿ ಎ ಪ್ಲಸ್‌ನಿಂದ ಎಫ್‌ವರೆಗೆ ಗ್ರೇಡ್ ಕೊಡುತ್ತಾರೆ. ಸ್ಟೀವನ್ ಸೋಡರ್‌ಬರ್ಗ್ ಅವರ 2002ರ ‘ಸೋಲಾರಿಸ್’ಗೆ ಸಿಕ್ಕಿದ್ದು ಎಫ್. ನಾವು ನೋಡಿದೆವು. ಸತ್ತ ಹೆಂಡತಿ ತಿರುಗಿ ಬರುವ, ನಿಧಾನದ, ದುಃಖದ ಸಿನಿಮಾ. ಬಾಹ್ಯಾಕಾಶದ ಸಾಹಸ ಅಂದುಕೊಂಡು ಬಂದವರಿಗೆ ಮದುವೆ ಊಟಕ್ಕೆ ಕರೆದು ಉಪ್ಪಿಟ್ಟು ಬಡಿಸಿದ ಹಾಗಾಗಿರಬೇಕು. ಉಪ್ಪಿಟ್ಟು ಚೆನ್ನಾಗಿಯೇ ಇತ್ತು. ಆದರೆ ವಿಮರ್ಶಕರಲ್ಲಿ ಬಹಳ ಜನ ಇದನ್ನು ಮೆಚ್ಚಿದ್ದರು. ಹಾಗಾಗಿ ನಮ್ಮ ನಿಯಮಕ್ಕೆ ಸೇರಲ್ಲ. ಮೇಲಿನ 19ರ ಲೆಕ್ಕದಲ್ಲಿ ಅದು ಇಲ್ಲ.

ಇನ್ನು ಅಸಲಿ ವಿಷಯ, ‘ಮನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’. 6ನೇ ವಾರ ನೋಡಿದ್ದು. ಇನ್ನೂ ತಲೆಯಿಂದ ಹೋಗಿಲ್ಲ.

1966ರಲ್ಲಿ ಟೆಕ್ಸಸ್‌ನ ಎಲ್ ಪಾಸೋ ಊರಿನಲ್ಲಿ ತೆಗೆದದ್ದು. ತೆಗೆದವರು ಹೆರಾಲ್ಡ್ ವಾರನ್, ಗೊಬ್ಬರ ಮಾರುತ್ತಿದ್ದ ಮನುಷ್ಯ. ಭಯದ ಸಿನಿಮಾ ತೆಗೆಯೋದು ಏನು ದೊಡ್ಡ ವಿಷಯ, ನಾನೇ ತೆಗೆದು ತೋರಿಸ್ತೀನಿ ಅಂತ ಒಬ್ಬ ಹಾಲಿವುಡ್ ಚಿತ್ರಕಥೆಗಾರರ ಜೊತೆ ಪಂಥ ಕಟ್ಟಿದರಂತೆ. ಸಿಕ್ಕಿದ ಹಣ ಸುಮಾರು 19,000 ಡಾಲರ್. ಕ್ಯಾಮೆರಾ 16 ಎಂಎಂನದು, ಕೀ ಕೊಟ್ಟು ತಿರುಗಿಸುವಂಥದ್ದು. ಒಂದು ಸಲ ಕೀ ಕೊಟ್ಟರೆ 32 ಸೆಕೆಂಡು ಓಡುತ್ತದೆ, ಅಷ್ಟೇ. ಧ್ವನಿ ಹಿಡಿಯುವ ವ್ಯವಸ್ಥೆಯೇ ಇಲ್ಲ. ಆಮೇಲೆ ಕೆಲವೇ ಜನ ಕೂತು ಎಲ್ಲರ ಮಾತನ್ನೂ ಡಬ್ ಮಾಡಿದರು.

ಶುರುವಿನಲ್ಲಿ ಒಂದು ಕುಟುಂಬ ಕಾರಿನಲ್ಲಿ ಹೋಗುತ್ತದೆ. ಹೋಗುತ್ತಲೇ ಇರುತ್ತದೆ. ಹೊಲ, ರಸ್ತೆ, ಮತ್ತೆ ರಸ್ತೆ. ಅವ್ವ ಹತ್ತಿ ಬಟ್ಟೆ, ಸೂಜಿ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಕನ್ನಡಕದ ಮೇಲಿಂದ ನೋಡಿ, “ಇವ್ರು ಊರು ಮುಟ್ಟತಾರೋ ಇಲ್ಲೋ?” ಅಂದಳು. ತಮ್ಮ ನಕ್ಕು ನಕ್ಕು ಕೆಮ್ಮಿದ.

ಆಮೇಲೆ ರಾತ್ರಿಯ ದೃಶ್ಯಗಳು ಬಂದವು. ದೀಪದ ಬೆಳಕಿಗೆ ಮುತ್ತಿದ ಹುಳುಗಳು ನಟರ ಮುಖದ ಮುಂದೆಯೇ ಹಾರಾಡುತ್ತವೆ. ಯಾರೂ ಓಡಿಸಲ್ಲ. ಒಂದು ಕಡೆ ಇಬ್ಬರು ಪೊಲೀಸರಿಗೆ ಗುಂಡಿನ ಸದ್ದು ಕೇಳುತ್ತದೆ. ಕಾರಿನಿಂದ ಇಳಿಯುತ್ತಾರೆ, ನಾಲ್ಕು ಹೆಜ್ಜೆ ಹಾಕುತ್ತಾರೆ, ಆ ಕಡೆ ಈ ಕಡೆ ನೋಡಿ ವಾಪಸ್ ಬಂದು ಕಾರು ಹತ್ತುತ್ತಾರೆ. ಮೊದಲು ನಗು ಬಂತು. ಕಾರಣ ಓದಿದ ಮೇಲೆ ಬೇರೆ ಏನೋ ಆಯಿತು. ಅವರ ಹತ್ತಿರ ಇದ್ದ ದೀಪದ ಬೆಳಕು ಅಷ್ಟು ದೂರಕ್ಕೇ ಹೋಗುತ್ತಿತ್ತು. ಐದನೇ ಹೆಜ್ಜೆ ಇಟ್ಟರೆ ಕತ್ತಲು. ಹಾಗಾಗಿ ತನಿಖೆಯೂ ನಾಲ್ಕೇ ಹೆಜ್ಜೆ.

ಅದನ್ನು ಅವ್ವನಿಗೆ ಹೇಳಿದೆ. ಅವಳು ಮಾತಾಡದೆ ತನ್ನ ಕೈಯಲ್ಲಿದ್ದ ಬಟ್ಟೆ ತಿರುಗಿಸಿ ತೋರಿಸಿದಳು. ಅವ್ವ ಧಾರವಾಡದವಳು, ಚಿಕ್ಕಂದಿನಿಂದ ಕಸೂತಿ ಹಾಕುತ್ತಾಳೆ. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಗಂಟು ಹಾಕುವ ಹಾಗಿಲ್ಲ. ಬಟ್ಟೆಯ ಹಿಂದೂ ಮುಂದೂ ಒಂದೇ ಥರ ಕಾಣಬೇಕು. “ನಾ ಮೊದಲನೇದ್ದು ಹಾಕಿದಾಗ ಹಿಂದ ಬರೇ ಗಂಟಿದ್ವು. ಅದನ್ನ ನೋಡಿನ ನಮ್ಮವ್ವ ನನಗ ಕಲಿಸಿದ್ಲು” ಅಂದಳು.

ನನ್ನ ನೋಟ್‌ಬುಕ್ ಅವತ್ತಿನಿಂದ ಬದಲಾಯಿತು. ಅದಕ್ಕೂ ಮೊದಲಿನ ಪುಟಗಳಲ್ಲಿ ‘ಹಾಡು ಪರವಾಗಿಲ್ಲ’, ‘ಕುದುರೆ ಚೆನ್ನಾಗಿತ್ತು’ ಅಂತೆಲ್ಲ ಇದೆ. ಆಮೇಲೆ ಬರೆದದ್ದೆಲ್ಲ ಗಂಟುಗಳು. ಒಳ್ಳೆ ಸಿನಿಮಾ ನೋಡುವಾಗ ಬೆಳಕು ಎಲ್ಲಿಂದ ಬರ್ತಿದೆ ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಕೇಳುವ ಹಾಗೆ ಅವರು ಬಿಟ್ಟೇ ಇರಲಿಲ್ಲ.

(ಮನೋಸ್ ಬಗ್ಗೆ ಇನ್ನೊಂದು. ಲಾಭದಲ್ಲಿ ಪಾಲು ಕೊಡ್ತೀನಿ ಅಂತ ಹೇಳಿ ಎಲ್ಲರಿಂದ ಕೆಲಸ ಮಾಡಿಸಿಕೊಂಡಿದ್ದರಂತೆ. ಲಾಭ ಎಲ್ಲಿಂದ ಬರಬೇಕು? ಪುಟ್ಟ ಹುಡುಗಿಗೆ ಒಂದು ಸೈಕಲ್, ನಾಯಿಗೆ ಒಂದು ಚೀಲ ಆಹಾರ ಸಿಕ್ಕಿತು ಅನ್ನೋ ಕಥೆ ಇದೆ. ನಾಯಿ ಗೆದ್ದಿತು.)

8ನೇ ವಾರ ಎಡ್ ವುಡ್ ಅವರ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’. 1980ರಲ್ಲಿ ಬಂದ ಒಂದು ಪುಸ್ತಕದಲ್ಲಿ ‘ಎಲ್ಲ ಕಾಲದ ಅತಿ ಕೆಟ್ಟ ಸಿನಿಮಾ’ ಅಂತ ಬಿರುದು ಪಡೆದದ್ದು. ನಟ ಬೆಲಾ ಲುಗೋಸಿ 1956ರಲ್ಲಿ ತೀರಿಕೊಂಡರು. ಅವರದ್ದು ಅಂತ ಇದ್ದದ್ದು ಕೆಲವೇ ನಿಮಿಷಗಳ ರೀಲು. ಉಳಿದ ಕಡೆಯಲ್ಲೆಲ್ಲ ಎಡ್ ವುಡ್ ಹೆಂಡತಿಗೆ ಬೆನ್ನುನೋವಿನ ಚಿಕಿತ್ಸೆ ಕೊಡುತ್ತಿದ್ದವರು ಮುಖಕ್ಕೆ ನಿಲುವಂಗಿ ಅಡ್ಡ ಹಿಡಿದು ಓಡಾಡುತ್ತಾರೆ. ಎತ್ತರ ಬೇರೆ, ನಡಿಗೆ ಬೇರೆ. ಒಂದೇ ದೃಶ್ಯದಲ್ಲಿ ಹಗಲೂ ಇದೆ, ರಾತ್ರಿಯೂ ಇದೆ. ಸಮಾಧಿಯ ಕಲ್ಲು ಅಲ್ಲಾಡುತ್ತದೆ. ಆದರೆ ಸತ್ತ ಗೆಳೆಯನನ್ನು ಹೇಗಾದರೂ ತೆರೆ ಮೇಲೆ ತರಲೇಬೇಕು ಅನ್ನೋ ಹಟ ಇದೆಯಲ್ಲ, ಅದಕ್ಕೆ ನಾನು ಚುಕ್ಕಿ ಇಟ್ಟೆ. ತಮ್ಮ ಇಡಲಿಲ್ಲ. “ಅಣ್ಣಾ, ಅದು ಪ್ರೀತಿ ಅಲ್ಲ, ಪೋಸ್ಟರ್ ಮೇಲೆ ಹೆಸರು ಹಾಕೋಕೆ” ಅಂದ. ಇರಬಹುದು. ಎರಡೂ ಇರಬಹುದು ಅಲ್ವಾ?

11ನೇ ವಾರದ ‘ದಿ ರೂಮ್’ (2003) ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಜಾಸ್ತಿ ಬರೆಯಲ್ಲ. ಫಿಲ್ಮ್ ಕ್ಯಾಮೆರಾ, ಡಿಜಿಟಲ್ ಕ್ಯಾಮೆರಾ ಎರಡನ್ನೂ ಅಕ್ಕಪಕ್ಕ ಕಟ್ಟಿ ಒಟ್ಟಿಗೇ ಶೂಟ್ ಮಾಡಿದ್ದಾರೆ. ಮನೆಯ ಮೇಜಿನ ಮೇಲೆ ಚೌಕಟ್ಟು ಹಾಕಿದ ಚಮಚದ ಫೋಟೋ ಇದೆ. ಅದಕ್ಕೇ ಅಮೆರಿಕದ ಪ್ರೇಕ್ಷಕರು ಮಧ್ಯರಾತ್ರಿಯ ಆಟಗಳಲ್ಲಿ ತೆರೆಗೆ ಪ್ಲಾಸ್ಟಿಕ್ ಚಮಚ ಎಸೆಯುತ್ತಾರೆ. ನಮ್ಮ ಮನೆಯಲ್ಲಿ ಚಮಚ ಎಸೆಯಲು ಅವ್ವ ಬಿಡಲಿಲ್ಲ.

ಕೈ ಎತ್ತಿದ ಎರಡು ಯಾವುವು ಅಂತ ಕೇಳಬಹುದು. ಒಂದು, ಬೇಕಂತಲೇ ಕೆಟ್ಟದಾಗಿ ತೆಗೆದ ಶಾರ್ಕ್ ಸಿನಿಮಾ. ‘ನೋಡಿ, ನಾವು ಎಷ್ಟು ಕೆಟ್ಟದಾಗಿ ಮಾಡಿದ್ದೀವಿ’ ಅಂತ ಪ್ರತಿ ನಿಮಿಷ ಕಣ್ಣು ಹೊಡೆಯುತ್ತದೆ. ಗಂಟನ್ನು ಮೇಲೆಯೇ ಅಂಟಿಸಿದ್ದಾರೆ. ಇನ್ನೊಂದು ಕೋಟಿಗಟ್ಟಲೆ ಸುರಿದ ಸೂಪರ್‌ಹೀರೋ ಕಥೆ. ತಪ್ಪೇ ಇಲ್ಲ, ಏನೂ ಇಲ್ಲ. ಬರೆಯಲು ಪೆನ್ನು ಹಿಡಿದುಕೊಂಡೇ ನಿದ್ದೆ ಬಂತು.

ಈ ಭಾನುವಾರ ಜಗಳವಾಯಿತು. ನಾನು ತೆಗೆದಿಟ್ಟದ್ದು ಗುರುದತ್ ಅವರ ‘ಕಾಗಜ್ ಕೆ ಫೂಲ್’. “ಇದು ಮೋಸ. ಈಗ ಎಲ್ಲರೂ ತಲೆ ಮೇಲೆ ಹೊತ್ಕೊಂಡಿದ್ದಾರೆ” ಅಂದ ತಮ್ಮ. ನಿಯಮ ಬಿಡುಗಡೆಯ ಹೊತ್ತಿನದು ಅಂದೆ. 1959ರಲ್ಲಿ ಅದು ನೆಲ ಕಚ್ಚಿತು. ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ತೆರೆಯ) ಚಿತ್ರ, ಆದರೂ ಜನ ಬರಲಿಲ್ಲ. ಆಮೇಲೆ ಗುರುದತ್ ನಿರ್ದೇಶಕ ಅಂತ ತಮ್ಮ ಹೆಸರನ್ನೇ ಹಾಕಿಕೊಳ್ಳಲಿಲ್ಲ. ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ. ಕ್ಯಾಮೆರಾ ಹಿಡಿದ ವಿ.ಕೆ. ಮೂರ್ತಿ ಮೈಸೂರಿನವರು. ಸಿನಿಮಾ ಸೋತರೂ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಬಂತು. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಕೂಡ ಅವರಿಗೇ, ಛಾಯಾಗ್ರಾಹಕರಲ್ಲಿ ಮೊದಲಿಗರು.

ಖಾಲಿ ಸ್ಟುಡಿಯೋದಲ್ಲಿ ಮೇಲಿನಿಂದ ಬೆಳಕಿನ ಕೋಲು ಇಳಿಯುವ ಹಾಡು ಬಂತು. ಮೊದಲಾಗಿದ್ದರೆ ಗೀತಾ ದತ್ ದನಿ ಕೇಳುತ್ತ ಕೂರುತ್ತಿದ್ದೆ. ಈಗ ಕಣ್ಣು ಬೆಳಕಿಗೇ ಹೋಯಿತು. ಅದು ಸ್ಟುಡಿಯೋ ದೀಪ ಅಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಗೆ ತಿರುಗಿಸಿ ಮೂರ್ತಿ ಅದನ್ನು ತೆಗೆದರು. ಆ ಕೋಲಿನೊಳಗೆ ಧೂಳು ತೇಲುತ್ತದೆ. ಮನೋಸ್‌ನ ಹುಳುಗಳನ್ನು ಅಷ್ಟು ಹೊತ್ತು ನೋಡದೇ ಇದ್ದಿದ್ದರೆ ನಾನು ಆ ಧೂಳನ್ನು ನೋಡುತ್ತಲೇ ಇರಲಿಲ್ಲ. ತಮ್ಮನಿಗೆ ಹೇಳಿದೆ. “ಹಿಂದಕ್ಕೆ ಹಾಕು” ಅಂದ. ಓಡಿಸಬಾರದು ಅಂತ ನಿಯಮ ಇದೆ, ಹಿಂದಕ್ಕೆ ಹಾಕಬಾರದು ಅಂತ ಇಲ್ಲ. ಮೂರು ಸಲ ನೋಡಿದೆವು. ಅವ್ವ ಸೂಜಿ ಕೆಳಗಿಟ್ಟಳು.

ಮುಂದಿನ ವಾರ ಜಾನ್ ಕಾರ್ಪೆಂಟರ್ ಅವರ ‘ದಿ ಥಿಂಗ್’ ಅಂದುಕೊಂಡಿದ್ದೆ. 1982ರಲ್ಲಿ ಅದಕ್ಕೆ ಬಿದ್ದ ಬೈಗುಳ ಎಷ್ಟೆಂದರೆ, ಎನ್ನಿಯೋ ಮೊರಿಕೋನೆ ಅವರ ಸಂಗೀತವೂ ಕೆಟ್ಟ ಸಿನಿಮಾಗಳಿಗೆ ಕೊಡುವ ರ್‍ಯಾಝಿಗೆ ನಾಮನಿರ್ದೇಶನವಾಗಿತ್ತು. ಆದರೆ ಅವ್ವ ತನ್ನದೊಂದು ಸಿನಿಮಾ ಸೇರಿಸು ಅಂತ ಕೂತಿದ್ದಾಳೆ. ಮದುವೆಯಾದ ಹೊಸದರಲ್ಲಿ ಅಪ್ಪನ ಜೊತೆ ಹೋಗಿದ್ದಂತೆ. ನಾಲ್ಕೇ ದಿನಕ್ಕೆ ಟಾಕೀಸಿನಿಂದ ಎತ್ತಿಬಿಟ್ಟರಂತೆ. ಹೆಸರು ನೆನಪಿಲ್ಲ. ಹೀರೋ ಬಸ್ ಕಂಡಕ್ಟರ್, ಒಂದು ಕರಿ ನಾಯಿ ಇತ್ತು, ಇಂಟರ್‌ವೆಲ್ ಆದ ಮೇಲೆ ಕರೆಂಟ್ ಹೋಯಿತು, ಕೊನೆ ನೋಡಲಿಲ್ಲ. ನಮ್ಮ ಹತ್ತಿರ ಇರುವ ಸುಳಿವು ಇಷ್ಟೇ. ತಮ್ಮ ಸಂಜೆಯಿಂದ ಹುಡುಕುತ್ತಿದ್ದಾನೆ.