ಎನ್‌ಬಿಐ ಕಂದು ಎಂದಿತು, ಅಯೋಡಿನ್ ಇನ್ನೂ ಅಗಲ ಎಂದಿತು

ಹೊಸ ಪ್ರೊಸೆಸರ್ ಬಂದ ಮೇಲೆ ನಮ್ಮ ಎಂಡೋಸ್ಕೋಪಿ ವಿಭಾಗದಲ್ಲಿ ಎನ್‌ಬಿಐ (ನ್ಯಾರೋ ಬ್ಯಾಂಡ್ ಇಮೇಜಿಂಗ್, ಅಂದರೆ ಆಯ್ದ ಬಣ್ಣದ ಬೆಳಕಿನಲ್ಲಷ್ಟೇ ನೋಡುವ ವಿಧಾನ) ಗುಂಡಿಯ ಮೇಲೆ ಎಲ್ಲರಿಗೂ, ಎಲ್ಲರಿಗಿಂತ ಹೆಚ್ಚಾಗಿ ನನಗೆ, ಅಪಾರ ನಂಬಿಕೆ ಹುಟ್ಟಿತ್ತು. ನಂಬಿಕೆ ನಿರಾಧಾರವಾದದ್ದೇನೂ ಅಲ್ಲ. 415 ಮತ್ತು 540 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಹಿಮೋಗ್ಲೋಬಿನ್ ಹೆಚ್ಚಾಗಿ ಹೀರಿಕೊಳ್ಳುವುದರಿಂದ, ಬಿಳಿ ಬೆಳಕಿನಲ್ಲಿ ತುಸು ಕೆಂಪಾಗಿ ಕಂಡು ಕಣ್ತಪ್ಪಿ ಹೋಗಬಹುದಾದ ಅನ್ನನಾಳದ ಆರಂಭಿಕ ಕ್ಯಾನ್ಸರ್ ಅದರಲ್ಲಿ ಕಂದು ಮಚ್ಚೆಯಾಗಿ ಎದ್ದು ಕಾಣುತ್ತದೆ.

ಗಂಟಲಿನ ಕ್ಯಾನ್ಸರ್‌ಗೆ ಹಿಂದೆ ಚಿಕಿತ್ಸೆ ಪಡೆದಿದ್ದ ರೋಗಿಯೊಬ್ಬರ ಅನ್ನನಾಳದ ನಡುಭಾಗದಲ್ಲಿ ಅಂಥದೇ ಮಚ್ಚೆ ಕಂಡಿತು. ಮ್ಯಾಗ್ನಿಫೈ ಮಾಡಿದಾಗ ಸೂಕ್ಷ್ಮ ರಕ್ತನಾಳಗಳ ಕುಣಿಕೆಗಳು ಹಿಗ್ಗಿ, ಸೊಟ್ಟಗಾಗಿ, ಒಂದೊಂದು ಒಂದೊಂದು ದಪ್ಪವಾಗಿದ್ದವು. ಲಿಸ್ಟ್ ತಡವಾಗುತ್ತಿದ್ದುದರಿಂದ ನಾನು ನೇರವಾಗಿ, "ಸಿಸ್ಟರ್, ಫೋರ್ಸೆಪ್ಸ್ ಕೊಡಿ" ಎಂದೆ. ಹಿಂದೆ ನಿಂತಿದ್ದ ಹಿರಿಯ ಮೇಡಂ, "ಮೊದಲು ಲುಗಾಲ್ ಹಾಕಿ ಡಾಕ್ಟರೇ. ಬಯಾಪ್ಸಿ ತೆಗೆದು ರಕ್ತ ಹರಡಿದ ಮೇಲೆ ಅಂಚು ಹುಡುಕುತ್ತೀರಾ?" ಎಂದರು. ಲುಗಾಲ್ ಎಂದರೆ ಆರೋಗ್ಯವಂತ ಲೋಳೆಪದರಕ್ಕೆ ಬಣ್ಣ ಹಿಡಿಸುವ ಅಯೋಡಿನ್ ದ್ರಾವಣ. ಅಂಚು ಸ್ಪಷ್ಟವಾಗಿಯೇ ಇದೆಯಲ್ಲ ಎಂದು ಒಳಗೊಳಗೇ ಗೊಣಗಿಕೊಂಡು, ಅಯೋಡಿನ್ ಅಲರ್ಜಿ ಇಲ್ಲವೆಂಬುದನ್ನು ಕೇಸ್ ಶೀಟಿನಲ್ಲಿ ಮತ್ತೊಮ್ಮೆ ನೋಡಿ, ಸ್ಪ್ರೇ ಕ್ಯಾಥೆಟರ್ ಇಳಿಸಿದೆ.

ಗ್ಲೈಕೋಜನ್ ತುಂಬಿದ ಆರೋಗ್ಯವಂತ ಲೋಳೆಪದರ ಕ್ಷಣಗಳಲ್ಲಿ ಗಾಢ ಕಂದಾಯಿತು. ಬಣ್ಣ ಹಿಡಿಯದೆ ಉಳಿದ ಜಾಗ ಮಾತ್ರ ನಾನು ಮನಸ್ಸಿನಲ್ಲಿ ಗೆರೆ ಎಳೆದಿದ್ದ ಮಚ್ಚೆಯನ್ನು ದಾಟಿ ಒಂದು ಪಕ್ಕಕ್ಕೆ ನಾಲಿಗೆಯಂತೆ ಚಾಚಿಕೊಂಡಿತ್ತು. ಅದರಿಂದ ದೂರದಲ್ಲಿ ಇನ್ನೊಂದು ಸಣ್ಣ ತೇಪೆಯೂ ಇತ್ತು. ಉರಿಯೂತವಿದ್ದರೂ ಬಣ್ಣ ಹಿಡಿಯದಿರಬಹುದಾದ್ದರಿಂದ ಕ್ಯಾನ್ಸರ್‌ನ ಸೂಚನೆಯಾದ ಗುಲಾಬಿ ಬಣ್ಣ ಬರುತ್ತದೆಯೇ ಎಂದು ಎರಡು ಮೂರು ನಿಮಿಷ ಕಾಯಲೇಬೇಕು. ರೋಗಿ ಓಕರಿಸುತ್ತಿದ್ದರು, ಅನ್ನನಾಳ ಬಿಗಿಯುತ್ತಿತ್ತು, ಲೆನ್ಸಿನ ಮೇಲೆ ಲೋಳೆ ಕೂತಿತು. ತೊಳೆದು ನೋಡಿದರೆ ದೊಡ್ಡ ಜಾಗ, ಚಾಚಿದ ಭಾಗವೂ ಸೇರಿ, ಹಳದಿಯಿಂದ ಗುಲಾಬಿಗೆ ತಿರುಗಿತ್ತು. ಸಣ್ಣ ತೇಪೆ ಹಳದಿಯಾಗಿಯೇ ಉಳಿಯಿತು.

ಬಯಾಪ್ಸಿ ಬಂದ ಮೇಲೆ ಇಎಸ್‌ಡಿ (ಎಂಡೋಸ್ಕೋಪ್ ಮೂಲಕವೇ ರೋಗವಿರುವ ಪದರವನ್ನು ಬಿಡಿಸಿ ತೆಗೆಯುವ ಚಿಕಿತ್ಸೆ) ಮಾಡುವಾಗ ಗುರುತು ಹಾಕಿದ್ದು ಅಯೋಡಿನ್ ತೋರಿಸಿದ ಅಂಚಿನ ಹೊರಗೆ. ಎನ್‌ಬಿಐ ಅಂಚನ್ನೇ ನಂಬಿದ್ದರೆ ಆ ಚಾಚಿದ ಭಾಗ ರೋಗಿಯಲ್ಲೇ ಉಳಿಯುತ್ತಿತ್ತು. ಮಚ್ಚೆಯನ್ನು ಹುಡುಕಲು ಎನ್‌ಬಿಐ ಸಾಕು, ಅಳೆಯಲು ಸಾಲದು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ.

ಆಡಳಿತದವರಿಗೆ ಇದನ್ನು ಒಪ್ಪಿಸುವುದು ಬೇರೆಯೇ ಕಥೆ. ಪ್ರೊಸೆಸರ್ ಖರೀದಿಗೆ ಸುಲಭವಾಗಿ ಸಹಿ ಬಿತ್ತು. ಅಯೋಡಿನ್‌ನಿಂದಾಗುವ ಎದೆಯುರಿ ತಗ್ಗಿಸಲು ಕೊನೆಯಲ್ಲಿ ಸಿಂಪಡಿಸುವ ಸೋಡಿಯಂ ಥಯೋಸಲ್ಫೇಟ್‌ನ ಇಂಡೆಂಟ್ ಮಾತ್ರ, ಇಷ್ಟು ದುಬಾರಿ ಯಂತ್ರವಿರುವಾಗ ಇದೇಕೆ ಎಂಬ ಪ್ರಶ್ನೆಯೊಂದಿಗೆ ಸ್ಟೋರ್‌ನಿಂದ ಈಗಲೂ ವಾಪಸು ಬರುತ್ತದೆ.