ಉಳಿದ ಆರು ವಿಕೆಟ್

‘ನಂದು ನಾಟೌಟ್ ಅಂತ ಬರದ್ರ?’

ಫೈನಲ್ ಸೋತು ಎರಡು ನಿಮಿಷ ಆಗಿರಲಿಲ್ಲ. ಪ್ಯಾಡಿಲ್ಲದ ಕಾಲಿಗೆ ಹತ್ತಿದ ಗದ್ದೆ ಮಣ್ಣು ಕೂಡ ಒರೆಸಿಕೊಳ್ಳದೆ ಸ್ಕೋರ್ ಬರೆಯುವ ಮೇಜಿನ ಹತ್ತಿರ ಬಂದು ಅವನು ಕೇಳಿದ್ದು ಇಷ್ಟೇ. ಬರೆದಿದ್ದೇನೆ ಅಂದೆ. ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡು ಹೋದ. ಈ ವಾರವಿಡೀ ಅದೇ ತಲೆಯಲ್ಲಿ ತಿರುಗುತ್ತಿದೆ.

ಶಿರಸಿ ಕಡೆ ಗದ್ದೆ ಕೊಯ್ಲಾದ ಮೇಲೆ ನಡೆಯುವ ಟೆನಿಸ್ ಬಾಲ್ ಟೂರ್ನಿ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಆರು ಓವರ್, ಒಂಬತ್ತು ಜನ, ಮೈಕಿನಲ್ಲಿ ಉಸಿರೂ ಬಿಡದೆ ಕೂಗುವ ಒಬ್ಬ. ನಮ್ಮಲ್ಲಿ ಒಂದು ಬದಿಗೆ ಮಾವನ ಅಡಿಕೆ ತೋಟ. ಚೆಂಡು ನೇರ ತೋಟಕ್ಕೆ ಬಿದ್ದರೆ ಔಟ್. ಬಸಿಗಾಲುವೆಯಲ್ಲಿ ಚೆಂಡು ಹುಡುಕಿ ಹುಡುಕಿ ಸಾಕಾಗಿ ಮಾಡಿದ ನಿಯಮ. ಬೆಸ್ಟ್ ಬ್ಯಾಟ್ಸ್‌ಮನ್ ಕಪ್ ಕೊಡಿಸುವವರೂ ಮಾವನೇ. ಹಾಗಾಗಿ ಯಾರಿಗೆ ಕೊಡಬೇಕು ಅನ್ನುವುದರಲ್ಲಿ ಅವರ ಮಾತು ಸ್ವಲ್ಪ ಜಾಸ್ತಿಯೇ ನಡೆಯುತ್ತದೆ.

ನಮ್ಮ ತಂಡದಲ್ಲೇ ಇಬ್ಬರು ಪೈಪೋಟಿಯಲ್ಲಿದ್ದರು. ಒಬ್ಬ ಈ ನಾಟೌಟ್ ಆಸಾಮಿ. 4 ಆಟದಲ್ಲಿ 64 ಎಸೆತಕ್ಕೆ 76 ರನ್, ಔಟಾಗಿದ್ದು ಒಂದೇ ಸಲ. ಆವರೇಜ್, ಅಂದರೆ ಒಂದು ಸಲ ಔಟಾಗಲು ಎಷ್ಟು ರನ್ ಅನ್ನುವುದು, 76! ಇನ್ನೊಬ್ಬ ಪಿಯುಸಿ ಓದುವ ಹುಡುಗ. 30 ಎಸೆತಕ್ಕೆ 72. ನಾಲ್ಕು ಸಲವೂ ಔಟ್. ಆವರೇಜ್ ಬರೀ 18.

‘ಅವ ಔಟೇ ಆಗ್ತಿಲ್ಲ ಮಾರಾಯ. ಅವಂಗೆ ಕೊಡದೆ ಮತ್ಯಾರಿಗೆ ಕೊಡೋದು?’ ಅಂದರು ಮಾವ.

ಅವರ ಮೊಮ್ಮಗಳು ಬೆಂಗಳೂರಿನಿಂದ ರಜೆಗೆ ಬಂದವಳು ಪಕ್ಕದಲ್ಲೇ ಕೂತಿದ್ದಳು. ‘ಅಜ್ಜಾ, ಸೋತಾಗ ನಮ್ಮ ಹತ್ರ ಇನ್ನೂ ಆರು ವಿಕೆಟ್ ಇತ್ತು. ಅದನ್ನ ಮನೆಗೆ ಒಯ್ದು ಎಂತ ಮಾಡೋದು? ಅಪ್ಪೆಮಿಡಿ ಜೊತೆ ಭರಣಿಗೆ ಹಾಕೋದಾ?’

ಎಲ್ಲರೂ ನಕ್ಕರು. ಮಾವ ನಗಲಿಲ್ಲ.

ಫೈನಲ್ಲಿನಲ್ಲಿ ಗೆಲ್ಲೋಕೆ 58 ಬೇಕಿತ್ತು. ಹುಡುಗ 8 ಎಸೆತಕ್ಕೆ 22 ಹೊಡೆದು ಗದ್ದೆ ಅಂಚಿನಲ್ಲಿ ಕ್ಯಾಚಿತ್ತ. ನಮ್ಮ ನಾಟೌಟ್ 17 ಎಸೆತಕ್ಕೆ 19. ಕೊನೇ 2 ಎಸೆತಕ್ಕೆ 9 ರನ್ ಬೇಕಿದ್ದಾಗ, ಅರ್ಧಕ್ಕೇ ಪುಟಿದ ನಿಧಾನದ ಚೆಂಡೊಂದು ಹೊಡಿ ಅಂತ ಸೊಂಟದೆತ್ತರಕ್ಕೆ ಬಂತು. ಅವನು ಅದನ್ನು ನೆಲಕ್ಕೊತ್ತಿ ತಳ್ಳಿ ಒಂದು ರನ್ ಓಡಿದ. ಬ್ಯಾಟನ್ನು ಗೆರೆಯೊಳಗೆ ಎಷ್ಟು ಜೋಪಾನವಾಗಿ ಇಟ್ಟ ಅಂದರೆ, ರನೌಟಿನ ಭಯ ಸೋಲಿನ ಭಯಕ್ಕಿಂತ ದೊಡ್ಡದಿತ್ತು. 6 ರನ್ನಿನಿಂದ ಸೋತೆವು. ಮನುಷ್ಯ ಕೆಟ್ಟವನಲ್ಲ. ಟೂರ್ನಿಯ ಪೈಸೆ ಪೈಸೆ ಲೆಕ್ಕ ಇಡುವವನೂ ಅವನೇ. ಆ ಕೆಲಸಕ್ಕೆ ಅವನಿಗಿಂತ ಒಳ್ಳೆಯವರು ಸಿಗಲಿಕ್ಕಿಲ್ಲ.

ಅವನಿಗಿಂತ ದೊಡ್ಡವರೂ ಹೀಗೆ ಆಡಿದ್ದುಂಟು. 1975ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ 60 ಓವರಿಗೆ 334 ಹೊಡೆದಾಗ ಗಾವಸ್ಕರ್ ಕೊನೇತನಕ ನಿಂತು 174 ಎಸೆತಕ್ಕೆ 36 ಮಾಡಿದರು. ಭಾರತ 3 ವಿಕೆಟಿಗೆ 132. ನಾಟೌಟ್ ಆದ್ದರಿಂದ ಆ 36 ಅವರ ಆವರೇಜನ್ನು ಏರಿಸಿತೇ ಹೊರತು ಇಳಿಸಲಿಲ್ಲ. ಆಸ್ಟ್ರೇಲಿಯಾದ ಬೌಲರ್ ಬಿಲ್ ಜಾನ್‌ಸ್ಟನ್ 1953ರ ಇಂಗ್ಲೆಂಡ್ ಪ್ರವಾಸದಲ್ಲಿ ಒಟ್ಟು 102 ರನ್ ಮಾಡಿ ಒಂದೇ ಸಲ ಔಟಾಗಿದ್ದ. ಆವರೇಜ್ 102! ಆಸ್ಟ್ರೇಲಿಯಾದ ಬ್ರಾಡ್‌ಮನ್ನರ ಟೆಸ್ಟ್ ಆವರೇಜ್ 99.94 ಅದರ ಮುಂದೆ ಕಮ್ಮಿಯಾಯಿತಲ್ಲ.

ಹಾಗಂತ ಆವರೇಜ್ ಸುಳ್ಳು ಅನ್ನೋಕಾಗಲ್ಲ. ಬ್ರಾಡ್‌ಮನ್ 6996 ರನ್ ಮಾಡಿದ್ದು 70 ಸಲ ಔಟಾಗಿ. ಎರಡನೇ ಮಹಾಯುದ್ಧಕ್ಕೆ ಮುಂಚೆ ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಅಂದರೆ ಮುಗಿಯುವ ತನಕ ಆಟ, ದಿನದ ಮಿತಿಯೇ ಇಲ್ಲ. ಎಸೆತ ಬೇಕಾದಷ್ಟಿದೆ, ಹತ್ತು ವಿಕೆಟ್ ಮಾತ್ರ ಹತ್ತೇ. ಅಲ್ಲಿ ಒಂದು ವಿಕೆಟಿಗೆ ಎಷ್ಟು ರನ್ ಅಂತಲೇ ಕೇಳಬೇಕು. ಟೆಸ್ಟಿನಲ್ಲಿ ಎಲ್ಲರಿಗಿಂತ ಜಾಸ್ತಿ, 31,258 ಎಸೆತ ಆಡಿದ ನಮ್ಮ ದ್ರಾವಿಡ್‌ಗೆ ಸ್ಟ್ರೈಕ್ ರೇಟ್, ಅಂದರೆ ನೂರು ಎಸೆತಕ್ಕೆ ರನ್, ಎಷ್ಟಪ್ಪಾ ಅಂತ ಕೇಳುವವನಿಗೆ ಆಟವೇ ಅರ್ಥವಾಗಿಲ್ಲ.

ನಮ್ಮ ಗದ್ದೆಯಲ್ಲಿ ಇದು ಪೂರ್ತಿ ತಿರುಗುಮುರುಗು. 36 ಎಸೆತಕ್ಕೆ ಎಂಟು ವಿಕೆಟ್! ಯಾರು ಖರ್ಚು ಮಾಡ್ತಾರೆ ಅಷ್ಟನ್ನ? ಇಲ್ಲಿ ಕಮ್ಮಿ ಬೀಳುವುದು ಎಸೆತ. ಪುಸ್ತಕ ತೆಗೆದು ಇನ್ನೊಂದು ಸಲ ನೋಡಿ. ಇಬ್ಬರ ರನ್ನೂ ಹೆಚ್ಚುಕಮ್ಮಿ ಒಂದೇ. ಆದರೆ ಹುಡುಗ ಅಷ್ಟು ಮಾಡೋಕೆ 34 ಎಸೆತ ಕಮ್ಮಿ ತಗೊಂಡ. 34 ಅಂದರೆ ಎರಡು ಎಸೆತ ಬಿಟ್ಟರೆ ಇಡೀ ಒಂದು ಇನಿಂಗ್ಸ್. ಅಷ್ಟನ್ನು ಅವನು ಬೇರೆಯವರಿಗೆ ಬಿಟ್ಟುಕೊಟ್ಟ.

ಇಷ್ಟು ಹೇಳಿದ ಮೇಲೂ ಸ್ಟ್ರೈಕ್ ರೇಟನ್ನು ನಾನು ಪೂರ್ತಿ ನಂಬುವುದಿಲ್ಲ. ಮೊದಲ ಚೆಂಡಿಗೆ ಸಿಕ್ಸ್, ಎರಡನೇದಕ್ಕೆ ಬೋಲ್ಡ್ ಆದವನ ಸ್ಟ್ರೈಕ್ ರೇಟ್ 300. ಮೇಲಾಗಿ ಎಡಗೈಯವರಿಗೆ ನಮ್ಮ ತೋಟ ಅಡ್ಡ ಬರುವುದಿಲ್ಲ, ಬಲಗೈಯವರಿಗೆ ಜೋರಾಗಿ ಎಳೆದು ಹೊಡೆಯಲು ಹೆದರಿಕೆ. ಹುಡುಗ ಎಡಗೈ. ಇದನ್ನು ಮಾವ ಎತ್ತಲಿಲ್ಲ. ಎತ್ತಿದ್ದರೆ ನನ್ನ ಬಾಯಿ ಕಟ್ಟುತ್ತಿತ್ತು.

ಟೆಸ್ಟಿನಲ್ಲೂ ಹೊತ್ತು ಕಮ್ಮಿ ಬೀಳುವುದುಂಟಲ್ಲ. 2008ರ ಚೆನ್ನೈ ಟೆಸ್ಟಿನಲ್ಲಿ ಇಂಗ್ಲೆಂಡ್ ವಿರುದ್ಧ 387 ಬೇಕಿತ್ತು. ನಾಲ್ಕನೇ ದಿನ ಸಂಜೆ ಸೆಹ್ವಾಗ್ 68 ಎಸೆತಕ್ಕೆ 83 ಹೊಡೆದರು. ಮಾರನೇ ದಿನ ಸಚಿನ್ 103 ಹೊಡೆದು ಔಟಾಗದೆ ಗೆಲ್ಲಿಸಿದರು. ಪಂದ್ಯಶ್ರೇಷ್ಠ ಪ್ರಶಸ್ತಿ ಹೋಗಿದ್ದು ಸೆಹ್ವಾಗ್‌ಗೆ. ಇನ್ನು ನಮ್ಮ ವಿಶ್ವನಾಥ್ 1975ರಲ್ಲಿ ಅದೇ ಚೆನ್ನೈನಲ್ಲಿ ವೆಸ್ಟ್ ಇಂಡೀಸಿನ ವೇಗಿ ಆಂಡಿ ರಾಬರ್ಟ್ಸ್ ಎದುರು ಮಾಡಿದ ಔಟಾಗದ 97. ತಂಡದ ಮೊತ್ತ 190. ಶತಕಗಳ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಅದೂ ನಾಟೌಟೇ, ನಮ್ಮವನದೂ ನಾಟೌಟೇ. ವಿಶಿ ಹತ್ತಿರ ಜೊತೆಗೆ ನಿಲ್ಲುವವರೇ ಮುಗಿದುಹೋಗಿದ್ದರು.

ಕಪ್ ಕೊನೆಗೂ ನಾಟೌಟ್‌ಗೇ ಹೋಯಿತು. ಮಾವನ ದುಡ್ಡು, ಮಾವನ ಮಾತು. ಹುಡುಗನಿಗೆ ಚಪ್ಪಾಳೆ ಸಿಕ್ಕಿತು. ಮೈಕಿನವನು ಅವನ ಹೆಸರನ್ನೂ ತಪ್ಪಾಗಿ ಹೇಳಿದ.

ಮುಂದಿನ ವರ್ಷದ ಸ್ಕೋರ್ ಪುಸ್ತಕಕ್ಕೆ ಮೊಮ್ಮಗಳು ಎರಡು ಕಾಲಂ ಜಾಸ್ತಿ ಗೀಟು ಹಾಕಿ ಕೊಟ್ಟಿದ್ದಾಳೆ. ಆಡಲು ಬಂದಾಗ ಎಷ್ಟು ರನ್ ಬೇಕಿತ್ತು, ಎಷ್ಟು ಎಸೆತ ಉಳಿದಿತ್ತು. ಮೊದಲು ಆಡುವ ತಂಡಕ್ಕೆ ಏನು ಬರೆಯೋದು ಅಂತ ಕೇಳಿದೆ. ಯೋಚನೆ ಮಾಡಿ ಹೇಳ್ತೆ ಅಂದಳು. ನಿನ್ನೆ ಬಸ್ ಹತ್ತಿ ಹೋದಳು, ಇನ್ನೂ ಹೇಳಿಲ್ಲ.